ಬೆರಳಚ್ಚು ಮತ್ತು ಅದನ್ನು ನೋಡುವ ಕಣ್ಣು

ಬೆರಳಚ್ಚು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅಪರಾಧ ನಡೆದ ಜಾಗದಲ್ಲಿ ಸಿಗುವುದು ಹೆಚ್ಚಾಗಿ ಅರ್ಧಂಬರ್ಧ, ಅಳಿಸಿದಂಥ ಅಚ್ಚು. ಅದು ಯಾರದೆಂದು ಕೊನೆಗೆ ತೀರ್ಮಾನಿಸುವುದು ಮನುಷ್ಯರ ಕಣ್ಣು.

2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬುಗಳು ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಡಿಟೊನೇಟರುಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಒಂದು ಅಚ್ಚು ಸಿಕ್ಕಿತು. ಅಮೆರಿಕದ ಎಫ್‌ಬಿಐ ಕಂಪ್ಯೂಟರಿನಲ್ಲಿ ಹುಡುಕಿದಾಗ ಅದನ್ನು ಹೋಲುವ 20 ಜನರ ಅಚ್ಚುಗಳು ಬಂದವು. ಅವರಲ್ಲೊಬ್ಬರು ಆರಿಗನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್. ಅನುಭವಿಗಳಾದ ಮೂವರು ತಜ್ಞರು ‘ಇವರದೇ’ ಎಂದರು. ಸ್ಪೇನ್ ಪೊಲೀಸರು ಏಪ್ರಿಲ್‌ನಲ್ಲೇ ‘ಹೊಂದುವುದಿಲ್ಲ’ ಎಂದಿದ್ದರೂ ಮೇ 6ರಂದು ಅವರ ಬಂಧನವಾಯಿತು. ಎರಡು ವಾರದ ಬಳಿಕ, ಅಚ್ಚು ಅಲ್ಜೀರಿಯಾದ ಒಬ್ಬನದೆಂದು ಸ್ಪೇನ್ ಗುರುತಿಸಿತು. ಮೇಫೀಲ್ಡ್ ಬಿಡುಗಡೆಯಾದರು; ಎಫ್‌ಬಿಐ ಕ್ಷಮೆ ಕೇಳಿತು.

ಮೇಫೀಲ್ಡ್ ಇಸ್ಲಾಂ ಸ್ವೀಕರಿಸಿದ್ದವರು. ಹಾಗಾದರೆ ಧರ್ಮವೇ ಕಾರಣವೇ? ಅಮೆರಿಕದ ನ್ಯಾಯ ಇಲಾಖೆಯ ತನಿಖಾ ವರದಿ ಇಲ್ಲಿ ಎಚ್ಚರದಿಂದ ಮಾತಾಡುತ್ತದೆ. ಮೊದಲು ಅಚ್ಚು ಹೊಂದಿಸಿದಾಗ ತಜ್ಞರಿಗೆ ಅವರ ಧರ್ಮ ಗೊತ್ತಿರಲಿಲ್ಲ. ಆದರೆ ಸ್ಪೇನ್ ಸಂಶಯ ಎತ್ತಿದ ಮೇಲೂ ಅವರು ಸರಿಯಾಗಿ ಮರುಪರಿಶೀಲಿಸದಿರಲು ಆ ವಿಷಯವೂ ಕಾರಣವಾಗಿರಬಹುದು. ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ವರದಿಯ ಇನ್ನೊಂದು ಮಾತು: ಮೇಫೀಲ್ಡರ ಸ್ಪಷ್ಟ ಅಚ್ಚಿನಲ್ಲಿ ಕಂಡ ಗುರುತುಗಳನ್ನು ತಜ್ಞರು ಚೀಲದ ಮಸುಕು ಅಚ್ಚಿನಲ್ಲಿ ಹುಡುಕುತ್ತಾ ಹೋದರು. ಹುಡುಕಿದ್ದು ಸಿಕ್ಕಿತು!

ಇತಿಯೆಲ್ ಡ್ರೋರ್ ಎಂಬ ಮನೋವಿಜ್ಞಾನಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದಕ್ಕೆ ಹತ್ತಿರದ್ದು. ಐವರು ತಜ್ಞರಿಗೆ, ಹಿಂದೆ ಅವರೇ ‘ಹೊಂದುತ್ತದೆ’ ಎಂದಿದ್ದ ಅಚ್ಚುಗಳನ್ನು ಕೊಟ್ಟು, ಇವು ಎಫ್‌ಬಿಐ ತಪ್ಪಾಗಿ ಹೊಂದಿಸಿದ ಅಚ್ಚುಗಳೆಂದು ಹೇಳಲಾಯಿತು. ನಾಲ್ವರು ಅಭಿಪ್ರಾಯ ಬದಲಿಸಿದರು. ಅಚ್ಚು ಮಾತ್ರ ಅದೇ.

ಪರಿಹಾರಕ್ಕೆ ದೊಡ್ಡ ಯಂತ್ರವೇನೂ ಬೇಡ, ಕೆಲಸದ ಕ್ರಮ ಬದಲಾದರೆ ಸಾಕು. ಸ್ಥಳದಲ್ಲಿ ಸಿಕ್ಕ ಅಚ್ಚನ್ನು ಮೊದಲು ನೋಡಿ, ಕಂಡ ಗುರುತುಗಳನ್ನೆಲ್ಲ ಬರೆದಿಡಬೇಕು. ಶಂಕಿತನ ಅಚ್ಚನ್ನು ತೆರೆಯುವುದು ಆಮೇಲೆ. ಎರಡನೆಯ ತಜ್ಞರಿಗೆ ಮೊದಲನೆಯವರ ಉತ್ತರ ತಿಳಿದಿರಬಾರದು.

ನಮ್ಮ ರಸಾಯನಶಾಸ್ತ್ರ ಲ್ಯಾಬಿನಲ್ಲೂ ಇದನ್ನು ನೋಡುತ್ತಿರುತ್ತೇನೆ. ಪಕ್ಕದ ಟೇಬಲ್ಲಿನಿಂದ ‘9.8’ ಎಂದು ಕೇಳಿಸಿದರೆ ಸಾಕು, ಎಲ್ಲರ ಫ್ಲಾಸ್ಕಿನಲ್ಲೂ ತಿಳಿ ಗುಲಾಬಿ ಬಣ್ಣ ಸರಿಯಾಗಿ 9.8ಕ್ಕೇ ಮೂಡುತ್ತದೆ. ಮುಂದಿನ ಟೈಟ್ರೇಶನ್‌ನಿಂದ ಪ್ರತಿಯೊಬ್ಬರೂ ತಮ್ಮ ರೀಡಿಂಗನ್ನು ಪೆನ್ನಿನಲ್ಲಿ ಬರೆದು ನನಗೆ ತೋರಿಸಿ. ಪಕ್ಕದವರದನ್ನು ಆಮೇಲೆ ಕೇಳಿ.