ಶಿಖರವೇರುವವರಿಂದ ಸ್ಕೂಬಾ ಡೈವರ್ ಕಲಿಯಬೇಕಾದ ಏಳು ಪಾಠ

ಕಡಲಿಗೆ ಇಳಿಯುವವರೂ ಹಿಮಶಿಖರ ಏರುವವರೂ ಸಹಜವಾಗಿ ಉಸಿರಾಡಲಾಗದ ಜಾಗಕ್ಕೆ ಹೋಗುತ್ತಾರೆ. ಇಬ್ಬರಿಗೂ ತಲುಪುವುದು ಅರ್ಧ ಕೆಲಸ, ವಾಪಸಾಗುವುದು ಇನ್ನರ್ಧ. ಪರ್ವತಾರೋಹಿಗಳು ಇದನ್ನು ಜೀವ ತೆತ್ತು ಕಲಿತಿದ್ದಾರೆ. ನೇತ್ರಾಣಿ ದ್ವೀಪದಲ್ಲೋ ಅಂಡಮಾನಿನಲ್ಲೋ ಡೈವಿಂಗ್ ಕಲಿಯುತ್ತಿರುವವರು ಅವರ ಮಾತಿಗೆ ಕಿವಿಗೊಡಬೇಕು.

1. ತಿರುಗುವ ಗೆರೆಯನ್ನು ದೋಣಿಯಲ್ಲೇ ಎಳೆಯಿರಿ.
ಮಧ್ಯಾಹ್ನ ಎರಡು ಗಂಟೆಯೊಳಗೆ ತುದಿ ಮುಟ್ಟದಿದ್ದರೆ ಎಲ್ಲಿದ್ದರೂ ಇಳಿಯಬೇಕು ಎಂಬುದು ಎವರೆಸ್ಟಿನ ಅನುಭವಿಗಳ ನಿಯಮ. 1996ರ ಮೇ 10ರಂದು ಹಲವರು ಅದನ್ನು ಮೀರಿ ಹತ್ತುತ್ತಲೇ ಹೋದರು. ಸಂಜೆ ಹಿಮಬಿರುಗಾಳಿ ಎದ್ದಿತು. ಎಂಟು ಮಂದಿ ಸತ್ತರು. ಹಿಂದೆ ಹಲವು ಸಲ ಶಿಖರವೇರಿದ್ದ ರಾಬ್ ಹಾಲ್ ಕೂಡ ಅವರಲ್ಲಿದ್ದರು. ಡೈವರ್‌ಗೆ ಆ ಗಡುವು ಕಾಣುವುದು ಗಾಳಿಯ ಗೇಜಿನಲ್ಲಿ. 200 ಬಾರ್‌ನಿಂದ ಹೊರಟರೆ ಎಷ್ಟಕ್ಕೆ ತಿರುಗಬೇಕೆಂದು ಬಡ್ಡಿಯ (ಜೊತೆಗೆ ಇಳಿಯುವ ಡೈವರ್‌ನ) ಜೊತೆ ಮೊದಲೇ ಗೊತ್ತುಮಾಡಿಕೊಳ್ಳಿ. ಮೇಲೆ ಬಂದಾಗ 50 ಬಾರ್ ಉಳಿದಿರಲಿ. ನೀರೊಳಗಿನ ಗುಹೆಗೆ ಹೋಗುವವರ ಕಟ್ಟುಪಾಡು ಇನ್ನೂ ಬಿಗಿ: ಗಾಳಿಯ ಒಂದು ಪಾಲು ಹೋಗಲು, ಒಂದು ಬರಲು, ಮೂರನೆಯದು ಆಪತ್ತಿಗೆ.

2. ಗುರಿ ಕಣ್ಣೆದುರಿದ್ದರೂ ತಿರುಗಿ.
1953ರ ಮೇ 26ರಂದು ಟಾಮ್ ಬೋರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್ ಎವರೆಸ್ಟಿನ ದಕ್ಷಿಣ ಶಿಖರದಲ್ಲಿ ನಿಂತಿದ್ದರು. ತುದಿಗೆ ಹೆಚ್ಚುಕಡಿಮೆ ನೂರು ಮೀಟರ್ ಬಾಕಿ. ಆಮ್ಲಜನಕದ ಉಪಕರಣ ಕೈಕೊಟ್ಟಿತ್ತು, ಹೊತ್ತು ಮೀರಿತ್ತು. ಇಬ್ಬರೂ ಇಳಿದುಬಂದರು. ಮೂರು ದಿನಗಳ ನಂತರ ಅದೇ ತಂಡದ ಹಿಲರಿ ಮತ್ತು ತೇನ್ಸಿಂಗ್ ಶಿಖರ ಮುಟ್ಟಿದರು. ಆ ಸಾಹಸಯಾತ್ರೆಯಲ್ಲಿ ನಾನು ಅತಿ ಹೆಚ್ಚು ಗೌರವಿಸುವ ನಿರ್ಧಾರ ಹಿಂತಿರುಗಿದ ಈ ಇಬ್ಬರದು. ಕಿವಿಯ ಒತ್ತಡ ಸರಿಹೋಗುತ್ತಿಲ್ಲವೆ, ಸೆಳೆತ ಜೋರಾಗಿದೆಯೆ, ಅಥವಾ ಸುಮ್ಮನೆ ಮನಸ್ಸು ಒಪ್ಪುತ್ತಿಲ್ಲವೆ? ಹೆಬ್ಬೆರಳು ಮೇಲೆತ್ತಿ ತೋರಿಸಿ. ನೀರಿನಡಿ ಅದಕ್ಕೆ ‘ಮೇಲೆ ಹೋಗೋಣ’ ಎಂದೇ ಅರ್ಥ. ಯಾಕೆಂದು ಬಡ್ಡಿ ಅಲ್ಲಿ ಕೇಳಬಾರದು.

3. ಗಾಳಿಯ ಲೆಕ್ಕ ಬಾಯಿಗೆ ಬರಲಿ.
ಪ್ರತಿ 10 ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಮೇಲ್ಮೈಯಲ್ಲಿರುವ ಒಂದನ್ನೂ ಸೇರಿಸಿದರೆ, 30 ಮೀಟರ್ ಆಳದ ಒಂದು ಉಸಿರಿಗೆ ಮೇಲ್ಮೈಯ ನಾಲ್ಕರಷ್ಟು ಗಾಳಿ ಬೇಕು. ಮೇಲೆ ಒಂದು ಗಂಟೆ ಬರುವ ಸಿಲಿಂಡರ್ ಅಲ್ಲಿ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ.

4. ಹಂತ ಹಾರಬೇಡಿ.
3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ಪರ್ವತ ವೈದ್ಯರು ಹೇಳುತ್ತಾರೆ. ಡೈವರ್‌ಗೂ ಹಾಗೆಯೇ: ಮೊದಲ ಪ್ರಮಾಣಪತ್ರದ ಮಿತಿ 18 ಮೀಟರ್ ಎಂದರೆ 18 ಮೀಟರೇ. ಹವ್ಯಾಸಿ ಡೈವಿಂಗಿನ ಕೊನೆಯ ಗೆರೆ 40.

5. ನಿಮ್ಮ ಬುದ್ಧಿಯನ್ನು ಪೂರ್ತಿ ನಂಬಬೇಡಿ.
8,000 ಮೀಟರ್ ಮೇಲೆ ಆಮ್ಲಜನಕದ ಕೊರತೆ ಮಿದುಳನ್ನು ಮಂಕಾಗಿಸುತ್ತದೆ. ನೀರಿನಲ್ಲಿ ಸುಮಾರು 30 ಮೀಟರ್‌ನಿಂದಾಚೆ ನೈಟ್ರೋಜನ್ ಅಮಲೇರಿಸುತ್ತದೆ. ಎರಡೂ ಕಡೆ, ಮಂಕು ಕವಿದವನಿಗೆ ಅದು ತಿಳಿಯುವುದಿಲ್ಲ. ಜೊತೆಗಾರನ ಕಣ್ಣು, ಉತ್ತರ ಕೊಡುವ ವೇಗ ಗಮನಿಸಿ. ಅನುಮಾನ ಬಂದರೆ ನಿಧಾನವಾಗಿ ಕೆಲವು ಮೀಟರ್ ಮೇಲಕ್ಕೆ ಬನ್ನಿ, ಅಮಲು ಇಳಿಯುತ್ತದೆ. ಹಗ್ಗ ಕಟ್ಟಿಕೊಂಡ ಆರೋಹಿಗಳು ಪರಸ್ಪರರ ಗಂಟು ಪರೀಕ್ಷಿಸುವಂತೆ, ಇಳಿಯುವ ಮೊದಲು ಬಡ್ಡಿಯ ರೆಗ್ಯುಲೇಟರ್, ಬಿಸಿಡಿ (ತೇಲುವಿಕೆ ನಿಯಂತ್ರಿಸುವ ಜಾಕೆಟ್), ತೂಕದ ಬೆಲ್ಟ್ ಮುಟ್ಟಿ ನೋಡಿ. ಎಷ್ಟೇ ಹಳೆಯ ಸ್ನೇಹವಿದ್ದರೂ ಇದನ್ನು ಬಿಡಬೇಡಿ.

6. ಒಂದು ವಿಷಯದಲ್ಲಿ ಪರ್ವತಾರೋಹಿಗಳನ್ನು ಅನುಸರಿಸಬೇಡಿ.
ಎತ್ತರದ ಕಾಯಿಲೆ ಬಂದವರನ್ನು ಆದಷ್ಟು ಬೇಗ ಕೆಳಗಿಳಿಸುವುದೇ ಮದ್ದು. ಡೈವರ್ ಹಾಗೆ ಮೇಲಕ್ಕೆ ಚಿಮ್ಮಿದರೆ ರಕ್ತದಲ್ಲಿ ನೈಟ್ರೋಜನ್ ಗುಳ್ಳೆಯಾಗುತ್ತದೆ. ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿಯಬಹುದು. ನಿಮಿಷಕ್ಕೆ 9 ಮೀಟರ್ ದಾಟದಂತೆ ಏರಿ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ. ಉಸಿರಾಟ ನಿಲ್ಲಿಸಲೇಬೇಡಿ.

7. ಘಟ್ಟ ಹತ್ತುವ ಮುನ್ನ ಗಡಿಯಾರ ನೋಡಿ.
ದಡ ಸೇರಿದರೂ ಡೈವ್ ಮುಗಿದಿರುವುದಿಲ್ಲ, ಮೈಯಲ್ಲಿ ನೈಟ್ರೋಜನ್ ಇನ್ನೂ ಇರುತ್ತದೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆಯಂತೆ, ವಿಮಾನ ಹತ್ತಲು ಒಂದೇ ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹೆಚ್ಚು ಆಗಿದ್ದರೆ 18 ಗಂಟೆ ಕಾಯಬೇಕು. ಎತ್ತರದ ಊರಿಗೆ ರಸ್ತೆಯಲ್ಲಿ ಹೋಗುವವರೂ ಇದೇ ಎಚ್ಚರ ವಹಿಸುವುದು ಕ್ಷೇಮ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ ಅದೇ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ; ಮುರುಡೇಶ್ವರದಲ್ಲಿ ತಂಗಿ, ಮರುದಿನ ಹೊರಡಿ.