ಈದ್ ಖರೀದಿ: ಜನಜಂಗುಳಿಯಿಂದ ಮನೆಯವರನ್ನು ಕಾಪಾಡಿ

ರಮಝಾನ್‌ನ ಕೊನೆಯ ಹತ್ತು ದಿನಗಳು ಬಂದವೆಂದರೆ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಪಂಚನಹಳ್ಳಿ ಕಡೆಯಿಂದಲೂ ಕಡೂರು, ಅರಸೀಕೆರೆಯ ಬಟ್ಟೆ ಅಂಗಡಿಗಳಿಗೆ ಮನೆಮಂದಿಯೆಲ್ಲ ಹೊರಡುತ್ತಾರೆ. ಕಂಕುಳಲ್ಲಿ ಕೂಸು, ಜೊತೆಗೆ ವಯಸ್ಸಾದ ಅಜ್ಜಿ, ಉಪವಾಸದಲ್ಲಿ ಬಳಲಿದ ತಾಯಿ. ಹಬ್ಬದ ಖುಷಿಯನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಬಟ್ಟೆಯ ಜೊತೆಗೆ ಕಾಯಿಲೆಯೂ ಮನೆಗೆ ಬರಬಾರದು.

ಗಾಳಿಗೆ ಮೊದಲ ಸ್ಥಾನ

ಆರೋಗ್ಯ ಆರು ವಿಷಯಗಳನ್ನು ಅವಲಂಬಿಸಿದೆ ಎನ್ನುತ್ತದೆ ಯುನಾನಿ ವೈದ್ಯಶಾಸ್ತ್ರ: ಗಾಳಿ, ಅನ್ನ-ನೀರು, ದೇಹದ ಶ್ರಮ-ವಿಶ್ರಾಂತಿ, ಮನಸ್ಸಿನ ಉದ್ವೇಗ-ಶಾಂತಿ, ನಿದ್ರೆ-ಎಚ್ಚರ, ವಿಸರ್ಜನೆ-ತಡೆ. ಇವುಗಳಿಗೆ ‘ಅಸ್ಬಾಬ್-ಎ-ಸಿತ್ತಾ ಝರೂರಿಯಾ’ ಎಂದು ಹೆಸರು. ಇವುಗಳಲ್ಲಿ ಗಾಳಿಗೇ ಮೊದಲ ಸ್ಥಾನ. ಕಿಟಕಿಯಿಲ್ಲದ ಅಂಗಡಿಯಲ್ಲಿ ನೂರಾರು ಜನ ಬಿಟ್ಟ ಉಸಿರನ್ನೇ ನಾವು ಒಳಗೆ ಎಳೆದುಕೊಳ್ಳುತ್ತೇವೆ. ಅದರ ಮೇಲೆ ಬಾಯಾರಿಕೆ, ಬಿಸಿಲು, ನಿದ್ರೆಗೇಡು.

ದಿನಗಳ ಲೆಕ್ಕ ನೋಡಿ. ಫ್ಲೂ ಸೋಂಕು ತಗುಲಿದ 1ರಿಂದ 4 ದಿನಗಳಲ್ಲಿ ಜ್ವರ ಕಾಣಿಸುತ್ತದೆ. 27ನೇ ಉಪವಾಸದಂದು ಪೇಟೆಯಲ್ಲಿ ತಗುಲಿದರೆ ಈದ್ ದಿನವೇ ಹಾಸಿಗೆ ಹಿಡಿಯಬಹುದು. ದಡಾರದ ವೈರಾಣು ರೋಗಿ ಹೋದ ಮೇಲೂ 2 ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಸಿಗುವುದೇ 9 ತಿಂಗಳು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಕೂಸನ್ನು ಇಂಥ ಗುಂಪಿಗೆ ಒಯ್ಯಲೇಬಾರದು.

ಎಚ್ಚರಿಕೆ ತವಕ್ಕುಲ್‌ಗೆ ವಿರುದ್ಧವಲ್ಲ

‘ಅಲ್ಲಾಹನು ಬರೆದದ್ದು ಆಗುತ್ತದೆ’ ಎಂದು ಕೆಲವರು ಹೇಳುತ್ತಾರೆ. ಆದರೆ ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿನಲ್ಲಿ ಬಂದರೆ ಅಲ್ಲಿಂದ ಓಡಬೇಡಿ ಎಂಬುದು ಪ್ರವಾದಿಯವರ(ಸ) ಬೋಧನೆ. ಸಿರಿಯಾದ ಕಡೆಗೆ ಹೊರಟಿದ್ದ ಖಲೀಫಾ ಉಮರ್(ರ) ಅಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು, ಸಂಗಡಿಗರೊಂದಿಗೆ ಸಮಾಲೋಚಿಸಿ ದಾರಿಯಿಂದಲೇ ಮರಳಿದರು. 2020ರ ಮೇ ತಿಂಗಳಲ್ಲಿ ನಾವೆಲ್ಲ ಈದ್ ನಮಾಝನ್ನು ಮನೆಯಲ್ಲೇ ನಿರ್ವಹಿಸಿದೆವು. ಹೊಸ ಬಟ್ಟೆಯಿಲ್ಲದೆಯೂ ಅನೇಕ ಮನೆಗಳಲ್ಲಿ ಅಂದು ಈದ್ ನಡೆಯಿತು.

ಹೀಗೆ ಮಾಡಬಹುದು

• ಖರೀದಿಯನ್ನು ರಮಝಾನ್‌ಗೆ ಮೊದಲೇ, ತಪ್ಪಿದರೆ ಮೊದಲ ಹತ್ತು ದಿನಗಳಲ್ಲಿ ಮುಗಿಸಿ. ಕೊನೆಯ ಹತ್ತು ರಾತ್ರಿಗಳು ಇಬಾದತ್‌ಗೆ ಉಳಿಯುತ್ತವೆ.

• ಮಕ್ಕಳ ಅಳತೆ ಬರೆದುಕೊಂಡು ಮನೆಯಿಂದ ಒಬ್ಬಿಬ್ಬರು ಮಾತ್ರ ಹೋಗಿ. ಅಂಗಡಿ ತೆರೆಯುವ ಹೊತ್ತಿಗೆ ತಲುಪಿದರೆ ಜನ ಕಡಿಮೆ.

• ಕೂಸು, ಗರ್ಭಿಣಿ, ಹಿರಿಯರು, ಉಬ್ಬಸ ಅಥವಾ ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲೇ ಇರಲಿ.

• ಹೋಗಲೇಬೇಕಾದರೆ ಮಾಸ್ಕ್ ಧರಿಸಿ. ಮನೆಗೆ ಬಂದೊಡನೆ ಸೋಪಿನಿಂದ ಕೈ ತೊಳೆದು, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಿ.

• ನಿಮಗೇ ಜ್ವರ, ಕೆಮ್ಮು ಇದ್ದರೆ ಪೇಟೆಗೆ ಹೋಗಬೇಡಿ. ಇತರರಿಗೆ ತೊಂದರೆ ಕೊಡದಿರುವುದೂ ದೀನ್‌ನ ಭಾಗ.

• ಫಿತ್ರ್ ಝಕಾತನ್ನು ಈದ್ ನಮಾಝ್‌ಗೆ ಕೆಲವು ದಿನ ಮುಂಚೆಯೇ ಕೊಡಲು ಅವಕಾಶವಿದೆ. ಚಾಂದ್ ರಾತ್ರಿ ಹಣ ಕೈಗೆ ಬಂದರೆ ಬಡ ಕುಟುಂಬ ಅತಿ ಹೆಚ್ಚು ಜನ ಸೇರುವ ಹೊತ್ತಿನಲ್ಲೇ ಪೇಟೆಗೆ ಓಡಬೇಕಾಗುತ್ತದೆ. ಬೇಗ ಕೊಟ್ಟರೆ ಅವರ ಮಕ್ಕಳೂ ಸುರಕ್ಷಿತ.

ಜ್ವರ ಬಂದರೆ

ಸಾಮಾನ್ಯ ನೆಗಡಿಗೆ ವಿಶ್ರಾಂತಿ, ಬೆಚ್ಚಗಿನ ನೀರು, ತೆಳು ಗಂಜಿ ಸಾಕು. ದೊಡ್ಡವರು ಜೋಶಾಂದಾ ಕುಡಿಯಬಹುದು. ಆದರೆ ಮಗು ಏದುಸಿರು ಬಿಡುತ್ತಿದ್ದರೆ, ಹಾಲು-ನೀರು ಕುಡಿಯದಿದ್ದರೆ, ಫಿಟ್ಸ್ ಬಂದರೆ, ಮೈಮೇಲೆ ಕೆಂಪು ಗುಳ್ಳೆ ಎದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ರೋಗಿಗೆ ಉಪವಾಸ ಬಿಟ್ಟು, ಗುಣವಾದ ಮೇಲೆ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ನೀಡಿದೆ.

ಈದ್ ದಿನ ನಮಗಿರುವ ಅತ್ಯುತ್ತಮ ಉಡುಪು ಧರಿಸುವುದು ಸುನ್ನತ್. ಅದು ಹೊಸದೇ ಆಗಬೇಕೆಂದಿಲ್ಲ. ಒಗೆದು ಮಡಿಸಿಟ್ಟ ಒಳ್ಳೆಯ ಬಟ್ಟೆ ತೊಟ್ಟು, ಮನೆಮಂದಿಯೆಲ್ಲ ಆರೋಗ್ಯದಿಂದ ಈದ್‌ಗಾಹ್‌ಗೆ ಹೊರಡುವಂತಾಗಲಿ.