ಕಿವಿಯ ಮೇಲೆ ಐದು ಕಾಳು

2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿದಾಗ ನಾನು ಹಾನಗಲ್ ಕಡೆಯ ಗಂಜಿ ಕೇಂದ್ರವೊಂದರಲ್ಲಿದ್ದೆ. ನನ್ನ ಬಂಡವಾಳ, ಕಿವಿ ಚಿಕಿತ್ಸೆಯ ಐದು ದಿನದ ತರಬೇತಿ. ಕಿವಿಯ ಐದು ಜಾಗಕ್ಕೆ ಸೂಜಿ ಚುಚ್ಚಿ, ಗುಂಪಾಗಿ ಅರ್ಧ ತಾಸು ಸುಮ್ಮನೆ ಕೂರಿಸುವ ಚೀನೀ ಮೂಲದ ಪದ್ಧತಿ ಅದು. ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯಲ್ಲಿ 1970ರ ದಶಕದಲ್ಲಿ ಚಟ ಬಿಡಿಸಲು ಶುರುವಾದದ್ದು, 2001ರ ದಾಳಿಯ ನಂತರ ಅಲ್ಲಿ ನೊಂದವರಿಗೂ ಬಳಕೆಯಾಯಿತು. ಸೂಜಿ ನನ್ನಂಥ ಸಮಾಜ ಕಾರ್ಯಕರ್ತೆಯ ಕೆಲಸವಲ್ಲ. ಅದೇ ಜಾಗಗಳಿಗೆ ಸಾಸಿವೆಯಷ್ಟು ಕಾಳನ್ನು ಪಟ್ಟಿಯಿಂದ ಅಂಟಿಸುತ್ತಿದ್ದೆ. ಆ ಕೆಲಸದಲ್ಲಿ ಎಡವಿ ಕಲಿತದ್ದು ಇವು.

1. ಮುಟ್ಟುವ ಮುಂಚೆ ಕೇಳಬೇಕಿತ್ತು

ಮೊದಲ ದಿನವೇ ಒಬ್ಬ ಅಜ್ಜಿಯ ಕಿವಿಗೆ ಕೈಹಾಕಿದೆ. “ಏನ್ ತಪ್ಪ ಮಾಡೇನವ್ವಾ, ಕಿವಿ ಹಿಂಡಾಕ ಬಂದಿ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಬುಗುಡಿ ಮನೆಯ ಜೊತೆ ಹೊಳೆಪಾಲಾಗಿತ್ತೆಂದು ತಿಳಿದದ್ದು ಸಂಜೆಗೆ. ಬರಿಗಿವಿಯನ್ನು ಅವರು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ನಾನು ಸೆರಗು ಸರಿಸಿದ್ದೆ.

2. ಕುಲಗೋತ್ರ ಬದಲಿಸಬಾರದಿತ್ತು

ಕೊರೊನಾ ವರ್ಷ ಸವಣೂರಲ್ಲಿ ಚೀನಾದ ಹೆಸರೆತ್ತಿದರೆ ಜನ ಎದ್ದು ಹೋಗುತ್ತಿದ್ದರು. ಜಾಣತನ ಮಾಡಿ “ನಮ್ಮದೇ ಮರ್ಮವಿದ್ಯೆ” ಎಂದೆ. ಅಜ್ಜರೊಬ್ಬರು “ಯಾವ ಗ್ರಂಥದಾಗ ಐತಿ?” ಎಂದರು. ಬೆವರಿದೆ.

3. ಕಾಳು ಪಟ್ಟಿ ತಿದ್ದುವುದಿಲ್ಲ

ಶಿಗ್ಗಾಂವಿಯ ಒಬ್ಬರಿಗೆ ನಿದ್ದೆಯಿಲ್ಲ. ಮೂರು ವಾರ ಕಾಳು ಬದಲಿಸಿದೆ. ನಾಲ್ಕನೆಯ ವಾರ ನೆರೆ ಪರಿಹಾರದ ಕಾಗದ ತೋರಿಸಿದರು: ಗೋಡೆ ಪೂರ್ತಿ ಕುಸಿದಿದ್ದರೂ ಮನೆ ‘ಸಿ’ ಪಟ್ಟಿಯಲ್ಲಿ. ಆಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ‘ಸಿ’ಗೆ 50 ಸಾವಿರ ಪರಿಹಾರವಿತ್ತು. ಅವರಿಗೆ ಬೇಕಿದ್ದದ್ದು ಅರ್ಜಿ ಬರೆಯುವ ಕೈ. ಅರ್ಜಿ ಬರೆದೆವು. ಮರುಪರಿಶೀಲನೆ ಆಗಲಿಲ್ಲ, ನಿದ್ದೆಯೂ ಬರಲಿಲ್ಲ.

4. ಬಾಯಿ ನನ್ನದೇ ಜಾಸ್ತಿ

ಹಿರೇಕೆರೂರಿನದನ್ನು ಬರೆಯಲು ಕೈ ಹಿಂದೇಟು ಹಾಕುತ್ತದೆ. ಗಂಡ ಕ್ರಿಮಿನಾಶಕ ಕುಡಿದು ತೀರಿಕೊಂಡ ಹೆಣ್ಣುಮಗಳು. ಹತ್ತಿಬೀಜದ ಕ್ರಾಸಿಂಗ್ ಕೆಲಸ ಮುಗಿಸಿ, ಉಗುರಲ್ಲಿ ಹಳದಿ ಪುಡಿ ಹಾಗೇ ಇಟ್ಟುಕೊಂಡು ಬರುತ್ತಿದ್ದಳು. ಮಾತಿಲ್ಲದೆ ಕೂರುವುದೇ ಈ ಪದ್ಧತಿಯ ಜೀವಾಳ. ನನಗೋ ವರದಿ ತುಂಬುವ ಆತುರ. “ಆ ದಿನ ಏನಾತು, ಹೇಳವ್ವಾ” ಎಂದೆ. ಅವಳ ಕೈ ನಡುಗತೊಡಗಿತು, ಎದ್ದು ಹೋದಳು. ಎರಡು ತಿಂಗಳು ಇತ್ತ ಬರಲಿಲ್ಲ. ಆಘಾತಕ್ಕೆ ಈ ಕಾಳಿನಿಂದ ಗುಣವಾಗುತ್ತದೆನ್ನಲು ಪುರಾವೆ ತೆಳ್ಳಗಿದೆ. ನನ್ನ ಪ್ರಶ್ನೆಯಿಂದ ಕೆಡುಕಾದದ್ದನ್ನು ಮಾತ್ರ ಕಣ್ಣಾರೆ ಕಂಡೆ. ಈಗ ಇಂಥವರ ಜೊತೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯ ತಪಾಸಣೆ ‘ಮನೋಚೈತನ್ಯ’ಕ್ಕೆ ಹೋಗುತ್ತೇನೆ, ಟೆಲಿ ಮಾನಸ್‌ನ ಸಹಾಯವಾಣಿ ಸಂಖ್ಯೆ 14416 ಬರೆದುಕೊಡುತ್ತೇನೆ.

ಒಂದು ದಿನ ಅವಳೇ ಬಾಗಿಲಲ್ಲಿ ನಿಂತಿದ್ದಳು. “ಕಾಳು ಉದುರಿ ಹೋಗ್ಯಾವ್ರೀ ಅಕ್ಕಾರ. ಅವು ಬ್ಯಾಡ. ಸುಮ್ನ ಕುಂದ್ರೂದು ಮತ್ಯಾವಾಗ?”